ಕರಿ ಬಟ್ಟಲಿನ ಇಂಗ್ಲಿಷ್

ನಮ್ಮ ಹಿತ್ತಲ ಕಟ್ಟೆಯ ಮೇಲೆ ಒಂದು ಕರಿ ಬಟ್ಟಲಿದೆ. ಅಂಚು ಸೊಟ್ಟಸೊಟ್ಟಗೆ ಮೇಲೆದ್ದು ಕೆಳಗಿಳಿದಿದೆ, ಮೈತುಂಬ ಕೂದಲೆಳೆಯಂಥ ಗೀರುಗಳಿವೆ, ತಳದಲ್ಲಿ ಒಂದು ತೂತಿದೆ. ಬಂದವರು ಅದನ್ನು ಬೆರಳಿನಿಂದ ತಟ್ಟಿ ನೋಡಿ, ಇದು ಕಲ್ಲೋ ಕಬ್ಬಿಣವೋ ಎಂದು ಕೇಳುತ್ತಾರೆ. ಹಂಪಿ ಪಕ್ಕದಲ್ಲೇ ಇರುವುದರಿಂದ ನಮ್ಮ ಕಡೆ ಯಾರ ಮನೆಯಲ್ಲಿ ಏನು ಹಳೆಯದು ಕಂಡರೂ ಅದು ರಾಯರ ಕಾಲದ್ದಾಗಿಬಿಡುತ್ತದೆ. ಇತಿಹಾಸ ಬಲ್ಲ ಒಬ್ಬ ಮಹನೀಯರು ಇದರಲ್ಲಿ ರಾಣಿಯರು ಗಂಧ ಕಲಸುತ್ತಿದ್ದರೆಂದು ತೀರ್ಮಾನ ಕೊಟ್ಟು, ನನ್ನ ಮನೆಯ ಕಾಫಿ ಕುಡಿದು ಹೋದರು. ನಾನು ತಿದ್ದಲು ಹೋಗಲಿಲ್ಲ. ಅಷ್ಟು ಖಾತ್ರಿಯಾಗಿ ಮಾತಾಡುವವರನ್ನು ನಡುವೆ ತಡೆದರೆ ಏನಾಗುತ್ತದೆ ಎಂಬುದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು.

ಮೊನ್ನೆ ಮೊಮ್ಮಗಳು ಟಿ.ವಿ. ಮುಂದೆ ಕೂತು ಪಾಠ ಕೇಳುತ್ತಿದ್ದಳು. ಎಲ್ಲೋ ದೂರದ ಊರಿನಲ್ಲಿ ನಿಂತ ಮಾಸ್ತರು ಪ್ರಶ್ನೆ ಕೇಳುತ್ತಾರೆ, ಒಂದು ಗಳಿಗೆ ಸುಮ್ಮನಿರುತ್ತಾರೆ, 'ಶಾಬಾಸ್, ಸರಿಯಾಗಿ ಹೇಳಿದಿರಿ' ಎಂದು ಮೆಚ್ಚಿಕೊಂಡು ಮುಂದೆ ಹೋಗುತ್ತಾರೆ. ಆ ಗಳಿಗೆಯಲ್ಲಿ ಇವಳು ಶೇಂಗಾ ಸುಲಿಯುತ್ತಿದ್ದಳು.

"ಅಜ್ಜಿ, ನಿಮ್ಮ ಕಾಲದಾಗ ಹಿಂಗ ದೂರದಿಂದ ಪಾಠ ಹೇಳೋದು ಇದ್ದಿಲ್ಲಲ್ಲ?" ಎಂದು ಕೇಳಿದಳು, ಪಾಪ ಎನ್ನುವ ದನಿಯಲ್ಲಿ.

ನಾನು ಎದ್ದುಹೋಗಿ ಕರಿ ಬಟ್ಟಲು ತಂದು ಅವಳ ಮುಂದಿಟ್ಟೆ. "ಇದು ಇಂಗ್ಲಿಷ್ ಪಾಠ" ಎಂದೆ. ಅವಳು ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಒಳಗಿದ್ದ ಅವ್ವನನ್ನು ಕೂಗಿ ಕರೆದಳು. ನನಗೆ ಅರಳುಮರಳು ಎಂದುಕೊಂಡಿರಬೇಕು. ಆದ್ದರಿಂದ ಈ ಬಟ್ಟಲಿನ ಸಂಗತಿ ನಿಮಗಾದರೂ ಹೇಳಿಬಿಡುತ್ತೇನೆ.

ಆಗ ನಾವು ಕಂಪ್ಲಿಯಲ್ಲಿದ್ದೆವು, ಮದರಾಸಿನ ಸರಕಾರದ ಕೈಕೆಳಗೆ. ಈಗಿನವರು ದೂರಶಿಕ್ಷಣ ಎಂದು ಏನೋ ಹೊಸದು ಕಂಡುಹಿಡಿದವರಂತೆ ಮಾತಾಡುತ್ತಾರೆ. ನಮ್ಮದು ಆಳಿಕೆಯೇ ದೂರದಿಂದ. ಕಾಲುವೆ ನಮ್ಮ ಗದ್ದೆಯ ಪಕ್ಕದಲ್ಲಿ ಹರಿಯುತ್ತಿತ್ತು. ಅದರ ನೀರನ್ನು ಯಾವಾಗ ನಿಲ್ಲಿಸಬೇಕು ಎಂಬ ತಿಳಿವಳಿಕೆ ಮಾತ್ರ ಗದ್ದೆಯ ಮುಖವನ್ನೇ ಕಾಣದ ಒಂದು ಕಚೇರಿಯಲ್ಲಿತ್ತು. ವರ್ಷಕ್ಕೊಮ್ಮೆ ಹೂಳೆತ್ತಲು ಕಾಲುವೆ ಬಂದ್ ಮಾಡುತ್ತಿದ್ದರು. ಮಾಡಲಿ, ಯಾರೂ ಬೇಡ ಎನ್ನಲಿಲ್ಲ. ಆದರೆ ಒಂದು ಹದಿನೈದು ದಿನ ತಡೆದರೆ ನಮ್ಮವರ ಕಬ್ಬಿಗೆ ಕಡೆಯ ನೀರು ಸಿಗುತ್ತಿತ್ತು. ಕಡೆಯ ನೀರು ತಪ್ಪಿದ ಕಬ್ಬು ಒಳಗೊಳಗೇ ಬೆಂಡಾಗುತ್ತದೆ. ಗಾಣಕ್ಕೆ ಕೊಟ್ಟರೆ ರಸಕ್ಕಿಂತ ಸದ್ದು ಹೆಚ್ಚು.

ಇದನ್ನು ಹೇಳಿಕೊಳ್ಳಲು ಅವಕಾಶವೂ ಇತ್ತು. ವರ್ಷಕ್ಕೊಮ್ಮೆ ಇಂಜಿನಿಯರ್ ದೊರೆ ತೂಬು ನೋಡಲು ಬರುತ್ತಿದ್ದ. ಬೇವಿನ ಮರದ ಕೆಳಗೆ ಅವನಿಗೊಂದು ಕುರ್ಚಿ, ಪಕ್ಕದಲ್ಲಿ ತರ್ಜುಮೆ ಮಾಡಲು ಒಬ್ಬ ಕಚೇರಿ ಗುಮಾಸ್ತ. ಒಂದು ವರ್ಷ ಊರವರೆಲ್ಲ ಸೇರಿ ತಮ್ಮ ಕಬ್ಬಿನ ಕಥೆಯನ್ನು ಬೆವರು ಒರೆಸಿಕೊಳ್ಳುತ್ತ ಹೇಳಿದ್ದರು. ಒಬ್ಬನ ಮಾತಿನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ಗುಮಾಸ್ತ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿ, ದೊರೆಯ ಕಡೆ ತಿರುಗಿ, "ಆಲ್ ವೆಲ್, ಸರ್" ಎಂದ. ದೊರೆ ಟೋಪಿ ಎತ್ತಿ ಹೋದ. ಮರುದಿನವೇ ತೂಬು ಮುಚ್ಚಿದರು.

ನಮ್ಮ ದೊಡ್ಡಪ್ಪ ಚನ್ನಬಸಪ್ಪನವರಿಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ. ಕಂಪ್ಲಿಯ ಕಬ್ಬಿನವರಲ್ಲಿ ಅವರೇ ಹಿರಿಯರು, ಅಷ್ಟಿಷ್ಟು ಓದಿದವರು. ಓದು ಎಂದರೆ ಊರ ಮಠದ ಅಯ್ಯನವರ ಹತ್ತಿರ ಕಲಿತದ್ದು. ಆ ಮಠದ ಕಲಿಕೆಯ ಕ್ರಮವೇ ಬೇರೆ. ಕಣ್ಣು ಮುಚ್ಚಿ, ಮೈ ತೂಗುತ್ತ, ಮೊದಲಿನಿಂದ ಕಡೆತನಕ ಒಂದೇ ಉಸಿರಿಗೆ ಒಪ್ಪಿಸಬೇಕು. ನಡುವೆ ತಡವರಿಸಿದರೆ ಹುಣಸೆ ಬರಲಿನ ಏಟು, ಏಟಾದ ಮೇಲೆ ಮತ್ತೆ ಮೊದಲಿನಿಂದ. ಹೀಗಾಗಿ ದೊಡ್ಡಪ್ಪನವರಿಗೆ ಗೊತ್ತಿರದ ವಿದ್ಯೆಯಿಲ್ಲ, ಆದರೆ ಯಾವುದಕ್ಕೂ ನಡುಬಾಗಿಲಿಲ್ಲ. ಏಳೆಂಟಲೆ ಎಷ್ಟು ಎಂದು ಕೇಳಿದರೆ ಏಳೊಂದಲೆಯಿಂದ ಹೊರಡುತ್ತಿದ್ದರು. ಚೈತ್ರದ ನಂತರ ಎಷ್ಟನೇ ತಿಂಗಳು ಶ್ರಾವಣ ಎಂದರೆ ಚೈತ್ರದಿಂದಲೇ ಬೆರಳು ಮಡಚುತ್ತ ನಡೆದು ಬರುತ್ತಿದ್ದರು. ಅವರ ಬೆಲ್ಲದ ಅಂಗಡಿಯಲ್ಲಿ ಗಿರಾಕಿ ನಡುವೆ ಮಾತಾಡಿಸಿದರೆ ಲೆಕ್ಕ ಕೆಡುತ್ತಿರಲಿಲ್ಲ, ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಗಿರಾಕಿಗಳು ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತಿದ್ದರು.

"ಬರೋ ವರ್ಷ ನಡುವ ಯಾವ ಗುಮಾಸ್ತನೂ ಬ್ಯಾಡ. ದೊರಿ ಮಾತಿನಾಗ ದೊರಿಗೆ ನಾನ ಹೇಳ್ತೀನಿ" ಎಂದು ದೊಡ್ಡಪ್ಪ ಸಾರಿದರು.

"ದೊರಿ ಮಾತು ನಿಮಗ ಯಾರು ಹೇಳಿಕೊಡ್ತಾರ?" ಎಂದು ದೊಡ್ಡವ್ವ ಗೌರವ್ವ ಕೇಳಿದಳು.

"ಪೆಟಿಗಿ ಹೇಳಿಕೊಡತೈತಿ."

ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ ಒಬ್ಬ ಸಾಹೇಬ ತನ್ನ ದೇಶಕ್ಕೆ ಹೊರಟಿದ್ದ. ಅವನ ಗ್ರಾಮಫೋನು ದೊಡ್ಡಪ್ಪನವರ ಕೈಗೆ ಬಂತು. ಗುಡ್ಡದ ದಾರಿಯಲ್ಲಿ ಅದಕ್ಕೆ ಪೆಟ್ಟು ತಾಗದಿರಲೆಂದು ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ, ಬಾಣಂತಿಯನ್ನು ಕರೆತರುವ ಹಾಗೆ ತಂದರು. ಅದರ ಮೇಲೆ ತಿರುಗಿ ಇಂಗ್ಲಿಷ್ ಮಾತು ಕಲಿಸುವ ಅರಗಿನ ಕರಿ ಪ್ಲೇಟುಗಳನ್ನು ಮದರಾಸಿನ ಒಂದು ಕಂಪನಿ ರೈಲಿನಲ್ಲಿ ಕಳಿಸಿತು. ಜಾಹೀರಾತಿನಲ್ಲಿ ಮನೆಯಲ್ಲೇ ಕೂತು ಲಂಡನ್ನಿನ ಇಂಗ್ಲಿಷ್ ಕಲಿಯಿರಿ ಎಂದಿತ್ತಂತೆ. ಅದು ಸುಳ್ಳಲ್ಲ. ಬಂದದ್ದು ಲಂಡನ್ನಿನ ಇಂಗ್ಲಿಷೇ, ಲಂಡನ್ನಿನಲ್ಲಿ ಮಾತ್ರ ಕೆಲಸಕ್ಕೆ ಬರುವಂಥದ್ದು. ಹಡಗಿನಲ್ಲಿ ಏನು ಮಾತಾಡಬೇಕು, ದರ್ಜಿಯ ಹತ್ತಿರ ಏನು, ಹೋಟೆಲಿನಲ್ಲಿ ಏನು. ಕಬ್ಬು, ಕಾಲುವೆ, ತೂಬು ಇವು ಯಾವ ಪ್ಲೇಟಿನಲ್ಲೂ ಇರಲಿಲ್ಲ. ಅರ್ಥ ಹೇಳುವ ಪುಸ್ತಿಕೆ ತಮಿಳಿನಲ್ಲಿತ್ತು. ಕನ್ನಡದವರೂ ಇಂಗ್ಲಿಷ್ ಕಲಿಯಲು ಬಯಸಬಹುದು ಎಂಬುದು ಕಂಪನಿಗೆ ಹೊಳೆದಿರಲಿಲ್ಲ.

ದೊಡ್ಡಪ್ಪ ಪುಸ್ತಿಕೆ ಹಿಡಿದು ಹೊಸಪೇಟೆ ಸ್ಟೇಷನ್ನಿಗೆ ಹೋದರು. ಅಲ್ಲಿ ಪಾರ್ಸಲ್ ನೋಡಿಕೊಳ್ಳುವ ಬಾಬು ತಮಿಳಿನವರು. ಅವರು ವೀಳ್ಯ ಮೆಲ್ಲುತ್ತ ಪುಸ್ತಿಕೆಯನ್ನು ಓದಿ, ಹೋಟೆಲಿನ ಪಾಠದ ಕಡೆಯ ವಾಕ್ಯದ ಮೇಲೆ ಬೆರಳಿಟ್ಟರಂತೆ. ಆ ಪಾಠದಲ್ಲಿ ಒಬ್ಬ ಪ್ರವಾಸಿ ಹೋಟೆಲಿಗೆ ಬರುತ್ತಾನೆ, ಕೋಣೆ ಕೇಳುತ್ತಾನೆ, ಟ್ರಂಕು ಎಲ್ಲಿ ಎನ್ನುತ್ತಾನೆ, ಕಡೆಗೆ ಸ್ನಾನಕ್ಕೆ ನೀರು ಬಿಡುವ ಕೆಲಸದ ಹುಡುಗಿಗೆ ಹೇಳುತ್ತಾನೆ: "ಪ್ಲೀಸ್ ಡೋಂಟ್ ಟರ್ನ್ ಆಫ್ ದ ವಾಟರ್ ಯೆಟ್." ದಯಮಾಡಿ ನೀರನ್ನು ಈಗಲೇ ನಿಲ್ಲಿಸಬೇಡಿ. ದೊಡ್ಡಪ್ಪನವರಿಗೆ ಇನ್ನೇನು ಬೇಕು. ಊರಿನ ಕಷ್ಟವೆಲ್ಲ ಆ ಒಂದು ವಾಕ್ಯದಲ್ಲಿತ್ತು. ಸ್ಟೇಷನ್ನಿನಿಂದ ಬರುವಾಗ ಬಂಡಿಯಲ್ಲಿ ಕೂರಲಿಲ್ಲವಂತೆ, ಎತ್ತುಗಳ ಮುಂದೆ ನಡೆದುಕೊಂಡೇ ಬಂದರಂತೆ.

ಆ ವಾಕ್ಯವೊಂದನ್ನೇ ಕಲಿತು ಸುಮ್ಮನಾಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನೀವು ಮಠದಲ್ಲಿ ಓದಿದವರಲ್ಲ.

ಅಂದಿನಿಂದ ನಮ್ಮ ಪಡಸಾಲೆ ಲಂಡನ್ನಿನ ಹೋಟೆಲಾಯಿತು. ಬೆಳಿಗ್ಗೆ ಪೂಜೆ ಮುಗಿಸಿ, ಮೂರು ಬೆರಳಿನ ವಿಭೂತಿ ಹಣೆಯ ಮೇಲೆ ಇನ್ನೂ ಹಸಿಯಾಗಿರುವಾಗಲೇ ದೊಡ್ಡಪ್ಪ ಪೆಟ್ಟಿಗೆಯ ಮುಂದೆ ಪದ್ಮಾಸನ ಹಾಕುತ್ತಿದ್ದರು. ಕೀಲಿ ಕೊಡುವುದು ನನ್ನ ಕೆಲಸ. ಪೆಟ್ಟಿಗೆ ಮಾತಾಡಿದಂತೆ ಅವರೂ ಮೈ ತೂಗುತ್ತ ಮಾತಾಡುತ್ತಿದ್ದರು. ಪ್ರವಾಸಿಯ ಪ್ರಶ್ನೆಯೂ ಅವರದೇ, ಹೋಟೆಲಿನವನ ಉತ್ತರವೂ ಅವರದೇ. ಎರಡರ ನಡುವೆ ಉಸಿರಾಡಲೂ ಜಾಗವಿರಲಿಲ್ಲ. ಹಾಸಿಗೆ ಒಣಗಿದೆಯೇ ಎಂದು ಕೇಳುವ ಸಾಲೊಂದಿತ್ತು. ನಮ್ಮ ಕಂಪ್ಲಿಯ ಬಿಸಿಲಿನಲ್ಲಿ, ಮಾಳಿಗೆಯ ಮೇಲೆ ನೀರು ಚಿಮುಕಿಸಿಕೊಂಡು ಮಲಗುವ ಜನ, ಪ್ರತಿದಿನ ಬೆಳಿಗ್ಗೆ ಒಬ್ಬರು ವಿಭೂತಿ ಧರಿಸಿ ಹಾಸಿಗೆ ಒಣಗಿದೆಯೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸುವುದನ್ನು ಕೇಳುತ್ತಿದ್ದರು. ಪಾಠದ ಕಡೆಗೆ ಬರುವಷ್ಟರಲ್ಲಿ ಪೆಟ್ಟಿಗೆಯ ಕೀಲಿ ಇಳಿದು ಸಾಹೇಬನ ದನಿ ಎಮ್ಮೆಯ ದನಿಯಾಗಿ ಜಗ್ಗುತ್ತಿತ್ತು. ದೊಡ್ಡಪ್ಪ ಅದನ್ನೂ ಬಿಡಲಿಲ್ಲ. ನೀರಿನ ವಾಕ್ಯವನ್ನು ಹಾಗೆಯೇ, ದನಿ ತಗ್ಗಿಸಿ, ಒಂದೊಂದೇ ಮಾತನ್ನು ಎಳೆದು ಕಲಿತರು. ಗುರು ಹೇಳಿದ ಹಾಗೆ ಹೇಳಬೇಕಲ್ಲ.

ದೊಡ್ಡವ್ವನಿಗೆ ಆ ವಾಕ್ಯದ ಅರ್ಥ ತಿಳಿದ ದಿನ ಅವಳು ಒಂದು ತಂಬಿಗೆ ನೀರು ತಂದು ಪೆಟ್ಟಿಗೆಯ ಪಕ್ಕದಲ್ಲಿಟ್ಟಳು. "ತಿಂಗಳಾತು, ಒಂದೇ ಸಮ ನೀರು ನೀರು ಅಂತಾನ. ನಿಮಗ್ಯಾರಿಗೂ ಕರುಣಾ ಇಲ್ಲೇನು?" ಎಂದಳು.

ಕಲಿತದ್ದನ್ನು ಒಮ್ಮೆ ಪರೀಕ್ಷಿಸಲೆಂದು ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ಹಂಪಿಗೆ ಹೋದರು. ಅಲ್ಲಿ ಹಾಳುಗುಡಿ ನೋಡಲು ಬಂದ ಬಿಳಿಯ ದಂಪತಿ ಕಲ್ಲಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ದೊಡ್ಡಪ್ಪ ಅವರೆದುರು ನಿಂತು ಕಣ್ಣು ಮುಚ್ಚಿ ಹೋಟೆಲಿನ ಪಾಠವನ್ನು ಪೂರ್ತಿ ಒಪ್ಪಿಸಿದರು. ಇಬ್ಬರೂ ಹಣ್ಣನ್ನು ಕೈಯಲ್ಲೇ ಹಿಡಿದು ಕದಲದೆ ಕೇಳಿದರು. ಹೆದರಿದ್ದರೋ ಏನೋ, ನನಗೆ ಈಗ ಹಾಗನಿಸುತ್ತದೆ. ಮುಗಿದ ಮೇಲೆ ದೊರೆಸಾನಿ ಥ್ಯಾಂಕ್ಯೂ ಎಂದು ಉಳಿದ ಬಾಳೆಹಣ್ಣುಗಳನ್ನು ಕೊಟ್ಟಳು.

"ನೋಡಿದೇನವ್ವಾ, ಎಷ್ಟು ಚಂದಾಗಿ ತಿಳಕೊಂಡ್ರು" ಎಂದರು ದೊಡ್ಡಪ್ಪ, ದಾರಿಯಲ್ಲಿ ಹಣ್ಣು ಸುಲಿಯುತ್ತ.

ದೊರೆ ಬರುವ ಹಿಂದಿನ ದಿನ ನಮ್ಮ ಪಡಸಾಲೆಯಲ್ಲಿ ಕಬ್ಬಿನವರ ಸಭೆ ಸೇರಿತು. ಹೋದ ವರ್ಷ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟು ಕೆಲಸ ಕೆಡಿಸಿದ್ದರು. ಈ ಸಲ ದೊಡ್ಡಪ್ಪ ವಿಭೂತಿಯ ಗಟ್ಟಿಯನ್ನು ನಡುವೆ ಇಟ್ಟರು.

"ಇಬೂತಿ ಮುಟ್ಟಿ ಹೇಳ್ರಿ. ನಾನು ಮಾತು ಮುಗಸೋತನಕ ಯಾರೂ ಪಿಟ್ ಅನ್ನಂಗಿಲ್ಲ" ಎಂದರು.

ಒಬ್ಬೊಬ್ಬರೇ ಬಂದು ಮುಟ್ಟಿದರು. ಪಕ್ಕದ ಗದ್ದೆಯ ಹನುಮಂತಪ್ಪ ಸ್ವಲ್ಪ ಹೊತ್ತು ಕೈ ಹಿಂದೆ ಕಟ್ಟಿ ನಿಂತಿದ್ದ. ಅವನ ಕಬ್ಬೇ ಎಲ್ಲರದಕ್ಕಿಂತ ಮೇಲಿನ ಮಟ್ಟದಲ್ಲಿತ್ತು. ನೀರು ಹೋದರೆ ಮೊದಲು ಒಣಗುವುದು ಅವನದು. ಗಾಣದ ಕಾಲ ಮುಗಿದ ಮೇಲೆ ಮಗಳ ಮದುವೆ ಎಂದು ಗೊತ್ತುಮಾಡಿಕೊಂಡಿದ್ದ. "ಮುಗಸೋತನಕ ಅಷ್ಟ ಅಲ್ಲೇನ್ರಿ?" ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ಅವನೂ ಮುಟ್ಟಿದ. ಹೆಂಗಸರಿಗೆ ವಿಭೂತಿ ಮುಟ್ಟಿರಿ ಎಂದು ಯಾರೂ ಹೇಳಲಿಲ್ಲ. ಅವರು ದೊರೆಯ ಎದುರು ಮಾತಾಡಬಹುದು ಎಂಬ ಸಂಶಯವೇ ಸಭೆಗಿರಲಿಲ್ಲ.

ಮರುದಿನ ಮೋಟಾರು ಬಂತು. ಆದರೆ ಇಳಿದವನು ಹಳೆಯ ದೊರೆಯಲ್ಲ. ಎಳೆಯ ಮುಖದ ಹೊಸಬ, ಮಂಗಳೂರು ಕಡೆ ಕೆಲಸದಲ್ಲಿದ್ದು ಇಲ್ಲಿಗೆ ವರ್ಗವಾಗಿ ಬಂದವನು. ಗುಮಾಸ್ತ ಮಾತ್ರ ಅವನೇ. ದೊಡ್ಡವ್ವ ಮಜ್ಜಿಗೆಯ ಕೊಡ ಹಿಡಿದು, ನಾನು ಅವಳ ಸೆರಗು ಹಿಡಿದು ಬಂಡಿಯ ಮರೆಯಲ್ಲಿ ನಿಂತಿದ್ದೆವು. ದೊರೆ ಕುರ್ಚಿಯಲ್ಲಿ ಕೂತು ಎಲ್ಲರನ್ನೂ ಒಮ್ಮೆ ನೋಡಿ, ಹೇಳಿದ:

"ನಮಸ್ಕಾರ. ನಿಮಗೆ ನನ್ನಲ್ಲಿ ಹೇಳಲಿಕ್ಕೆ ಏನಾದರೂ ಉಂಟೋ?"

ಕನ್ನಡ. ಪುಸ್ತಕದ ಕನ್ನಡ, ಸಮುದ್ರದ ಕಡೆಯ ಕನ್ನಡ, ಆದರೆ ಕನ್ನಡ. ಗುಮಾಸ್ತನ ಮುಖ ಸಣ್ಣದಾಯಿತು. ಜನರ ಎದೆ ಒಮ್ಮೆಗೇ ಉಬ್ಬಿತು, ತುಟಿಗಳು ತೆರೆದವು, ಮತ್ತೆ ವಿಭೂತಿ ನೆನಪಾಗಿ ಮುಚ್ಚಿಕೊಂಡವು. ಎಲ್ಲರೂ ದೊಡ್ಡಪ್ಪನವರ ಕಡೆ ನೋಡಿದರು. ದೊಡ್ಡಪ್ಪ ಆಗಲೇ ಕಣ್ಣು ಮುಚ್ಚಿದ್ದರು.

"ಗುಡ್ ಈವನಿಂಗ್. ಈಸ್ ದಿಸ್ ದ ಹೋಟೆಲ್? ಯೆಸ್ ಸರ್, ದಿಸ್ ಈಸ್ ದ ಹೋಟೆಲ್."

ಆಗ ಹೊತ್ತು ನೆತ್ತಿಗೇರಿತ್ತು. ದೊರೆ ಬೇವಿನ ಮರವನ್ನು ನೋಡಿದ, ತೂಬನ್ನು ನೋಡಿದ. ದೊಡ್ಡಪ್ಪ ಕೋಣೆ ಕೇಳಿದರು, ಕೋಣೆ ಇದೆ ಎಂದರು. "ಪೋರ್ಟರ್, ಪೋರ್ಟರ್, ವೇರ್ ಈಸ್ ಮೈ ಟ್ರಂಕ್?" ಎಂದರು. ದೊರೆಯ ಜವಾನ ಟ್ರಂಕು ಎಂದದ್ದಷ್ಟನ್ನೇ ಕೇಳಿ ಓಡಿಹೋಗಿ ಮೋಟಾರಿನಿಂದ ದೊರೆಯ ಪೆಟ್ಟಿಗೆಯನ್ನು ಹೊತ್ತು ತಂದು ಇಬ್ಬರ ನಡುವೆ ಇಟ್ಟ.

"ಸ್ವಲ್ಪ ನಿಲ್ಲಿ. ನೀವು ಕನ್ನಡದಲ್ಲಿಯೇ ಹೇಳಬಹುದು. ನನಗೆ ಅರ್ಥವಾಗುತ್ತದೆ" ಎಂದ ದೊರೆ. ಅವನಿಗೆ ನಿಜವಾಗಿ ಕೇಳುವ ಮನಸ್ಸಿತ್ತು. ಅದನ್ನು ನೆನೆದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಆದರೆ ನಡುವೆ ಮಾತು ಬಂತಲ್ಲ. ದೊಡ್ಡಪ್ಪ ತಡೆದರು, ಕಣ್ಣು ಬಿಟ್ಟರು, ಹುಣಸೆ ಬರಲು ಬೆನ್ನ ಮೇಲೆ ಬಿದ್ದವರಂತೆ ಮೈ ನೆಟ್ಟಗೆ ಮಾಡಿದರು. ಮತ್ತೆ ಕಣ್ಣು ಮುಚ್ಚಿದರು.

"ಗುಡ್ ಈವನಿಂಗ್. ಈಸ್ ದಿಸ್ ದ ಹೋಟೆಲ್?"

ಈ ಸಲ ಹಾಸಿಗೆಯವರೆಗೆ ಬಂದರು. ಹಾಸಿಗೆ ಒಣಗಿದೆಯೇ ಎಂದು ಕೇಳಿದಾಗ ದೊರೆ ತಾಳಲಾರದೆ ಇಂಗ್ಲಿಷಿನಲ್ಲಿ ಏನೋ ಕೇಳಿದ. ಮತ್ತೆ ಹೋಟೆಲಿನ ಬಾಗಿಲು. ದೊರೆ ಜನರ ಕಡೆ ತಿರುಗಿ, "ನೀವಾದರೂ ಹೇಳಿ. ಇವರಿಗೆ ಏನು ಆಗಬೇಕು?" ಎಂದು ಕನ್ನಡದಲ್ಲಿ ಕೇಳಿದ. ಊರಿಗೆ ಊರೇ ತುಟಿ ಬಿಗಿದು ನಿಂತಿತ್ತು. ಹನುಮಂತಪ್ಪ ಎರಡೂ ಕೈ ಜೋಡಿಸಿ, ದೊಡ್ಡಪ್ಪನವರನ್ನು ತೋರಿಸಿ, ಆಕಾಶ ತೋರಿಸಿದ. ದೊರೆಗೆ ಏನು ತಿಳಿಯಬೇಕು?

ಬಂಡಿಯ ಮರೆಯಿಂದ ದೊಡ್ಡವ್ವ ಹೆಜ್ಜೆ ಮುಂದಿಟ್ಟಳು. "ನಾ ಹೇಳ್ತೀನಿ ತಡೀರಿ" ಎಂದಳು.

ಹನುಮಂತಪ್ಪ ಓಡಿಬಂದು ಅಡ್ಡ ನಿಂತು ತಲೆ ಅಲ್ಲಾಡಿಸಿದ, ಬೆರಳಿನಿಂದ ಹಣೆಯ ಮೇಲಿನ ವಿಭೂತಿಯನ್ನು ತೋರಿಸಿದ.

"ಮುಟ್ಟಿದವ್ರು ನೀವು. ನಾ ಮುಟ್ಟಿಲ್ಲ" ಎಂದಳು ದೊಡ್ಡವ್ವ.

ಅಷ್ಟರಲ್ಲಿ ದೊಡ್ಡಪ್ಪ ಒಮ್ಮೆ ಕಣ್ಣು ಬಿಟ್ಟು ಹೆಂಡತಿಯ ಕಡೆ ನೋಡಿದರು. ಆ ನೋಟವನ್ನು ನಾನು ಎಂದೂ ಮರೆತಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ. ಇನ್ನು ಸ್ವಲ್ಪ ತಡಿ, ಬಂದೇಬಿಟ್ಟೆ, ನೀರಿನ ಹತ್ತಿರ ಬಂದೇಬಿಟ್ಟೆ ಎನ್ನುವ ಬೇಡಿಕೆಯಿತ್ತು. ವರ್ಷವೆಲ್ಲ ಕೂತು ಕಲಿತ ಮನುಷ್ಯ. ದೊಡ್ಡವ್ವ ಕೊಡವನ್ನು ಸೊಂಟಕ್ಕೇರಿಸಿ ಅಲ್ಲೇ ನಿಂತಳು. ಅವಳನ್ನು ನಿಲ್ಲಿಸಲು ವಿಭೂತಿ ಬೇಕಾಗಲಿಲ್ಲ.

ದೊರೆ ಎದ್ದ. ಟೋಪಿ ಇಟ್ಟುಕೊಂಡ. ಗುಮಾಸ್ತನಿಗೆ ಈಗ ಜೀವ ಬಂದಿತ್ತು. ಅವನು ಬಗ್ಗಿ ಏನೋ ಪಿಸುಗುಟ್ಟಿದ. ದೊರೆ ನಕ್ಕು, ಜನರಿಗೆಲ್ಲ ಕೇಳುವಂತೆ ಕನ್ನಡದಲ್ಲೇ ಹೇಳಿದ:

"ಇಷ್ಟು ಇಂಗ್ಲಿಷ್ ಬಲ್ಲ ಹಿರಿಯರು ಇರುವ ಊರು ಇದು. ಕಷ್ಟ ಇದ್ದಿದ್ದರೆ ಹೇಳದೆ ಇರುತ್ತಿದ್ದಿರೋ? ಸಂತೋಷ."

ಜವಾನ ಪೆಟ್ಟಿಗೆ ಹೊತ್ತ. ಮೋಟಾರು ಧೂಳೆಬ್ಬಿಸಿ ಹೊರಟಿತು. ದೊಡ್ಡಪ್ಪ ನಿಲ್ಲಿಸಲಿಲ್ಲ. ಈಗ ನಡುವೆ ಬಾಯಿ ಹಾಕುವವರು ಯಾರೂ ಇರಲಿಲ್ಲವಲ್ಲ, ಪಾಠ ಸಲೀಸಾಗಿ ಸಾಗಿತು. ಹಾಸಿಗೆ ದಾಟಿತು, ಕಿಟಕಿ ದಾಟಿತು, ಬೆಳಗಿನ ತಿಂಡಿ ದಾಟಿತು. ಖಾಲಿ ಕುರ್ಚಿಯ ಮುಂದೆ, ಕೀಲಿ ಇಳಿದ ಪೆಟ್ಟಿಗೆಯ ದನಿಯಲ್ಲಿ, ಒಂದೊಂದೇ ಮಾತು ಎಳೆಯುತ್ತ ಹೇಳಿದರು. ಪ್ಲೀಸ್. ಡೋಂಟ್. ಟರ್ನ್ ಆಫ್. ದ ವಾಟರ್. ಯೆಟ್.

ಆಮೇಲೆ ಕಣ್ಣು ಬಿಟ್ಟರು.

ಹನುಮಂತಪ್ಪ ಧೂಳು ಒರೆಸಿಕೊಂಡು ಮೆಲ್ಲಗೆ ಕೇಳಿದ: "ಮುಗೀತೇನ್ರಿ? ಈಗ ನಾವು ಮಾತಾಡಬೌದಾ?"

ಎರಡು ದಿನ ಕಳೆದು ತೂಬು ಮುಚ್ಚಿದರು. ಆ ಸಲ ಜನರಿಂದ ಯಾವ ತಕರಾರೂ ಇಲ್ಲ ಎಂದು ಬರೆದುಕೊಂಡರಂತೆ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಹನುಮಂತಪ್ಪನ ಕಬ್ಬು ಮೊದಲು ಬೆಂಡಾಯಿತು, ಆಮೇಲೆ ನಮ್ಮದು. ಅವನ ಮಗಳ ಮದುವೆ ಮುಂದಿನ ವರ್ಷಕ್ಕೆ ಹೋಯಿತು. ಅವನು ದೊಡ್ಡಪ್ಪನವರಿಗೆ ಒಂದು ಮಾತೂ ಅನ್ನಲಿಲ್ಲ. ಎದುರು ಸಿಕ್ಕಾಗ ಮಾತ್ರ ಮೊದಲಿನಂತೆ ನಿಂತು ಮಾತಾಡದೆ, ತಲೆ ಬಗ್ಗಿಸಿ ಹೋಗಿಬಿಡುತ್ತಿದ್ದ.

"ನಡಬರಕ ಬಾಯಿ ಹಾಕಿದ್ರ ಯಾರಿಗರ ನೆಪ್ಪಿರತೈತಿ?" ಎಂದು ದೊಡ್ಡಪ್ಪ ಒಂದೆರಡು ದಿನ ಗೊಣಗಿದರು. ಆಮೇಲೆ ಅದನ್ನೂ ಬಿಟ್ಟರು. ಪೆಟ್ಟಿಗೆಗೆ ಕೀಲಿ ಕೊಡು ಎಂದು ನನ್ನನ್ನು ಮತ್ತೆ ಕರೆಯಲಿಲ್ಲ.

ಆ ಬೇಸಿಗೆಯಲ್ಲಿ ದೊಡ್ಡವ್ವ ಮಾಳಿಗೆಯ ಮೇಲೆ ಸಂಡಿಗೆ ಒಣಗಹಾಕುವಾಗ ಮಡಕೆಗಳನ್ನು ಬೋರಲು ಹಾಕಿ, ಅವುಗಳ ಮೇಲೆ ಒಂದೊಂದು ಪ್ಲೇಟು ಇಟ್ಟಳು. ನಮ್ಮ ಬಿಸಿಲಿಗೆ ಲಂಡನ್ ಯಾವ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಹಡಗು, ದರ್ಜಿ, ಹೋಟೆಲು ಎಲ್ಲವೂ ಮೆತ್ತಗಾಗಿ, ಮಡಕೆಯ ಮೈಗೆ ಬಗ್ಗಿ, ಸಂಜೆಯ ತಂಪಿಗೆ ಬಟ್ಟಲಾಗಿ ಕೂತಿದ್ದವು. ದೊಡ್ಡಪ್ಪ ಮೇಲೆ ಬಂದು ನೋಡಿದರು. ನಾನು ಹೆದರಿ ಸಂಡಿಗೆಯ ಚಾಪೆಯ ಆಚೆ ಸರಿದೆ.

"ಬಟ್ಲಿಗೆ ತೂತು ಐತಲ್ಲ" ಎಂದರು, ಅಷ್ಟೇ.

"ಇರಲಿ ಬಿಡ್ರಿ, ಅರಗು ಹಚ್ತೀನಿ" ಎಂದಳು ದೊಡ್ಡವ್ವ.

ಮುಂದೆ ನಾನು ಹೊಸಪೇಟೆಯ ಶಾಲೆಯಲ್ಲಿ ಇಂಗ್ಲಿಷ್ ಟೀಚರಾದೆ. ನನ್ನ ಇಂಗ್ಲಿಷಿನ ಮೂಲ ಯಾವುದೆಂದು ನಿಮಗೀಗ ಗೊತ್ತಾಯಿತು. ಇನ್‌ಸ್ಪೆಕ್ಟರು ಬಂದಾಗ ನನ್ನ ಮಕ್ಕಳು ಮೈ ತೂಗುತ್ತ ಪಾಠ ಒಪ್ಪಿಸುತ್ತಿದ್ದರು, ಅವರು ವೆರಿ ಗುಡ್ ಎಂದು ಹೋಗುತ್ತಿದ್ದರು. ಯಾವ ಮಗುವಿಗಾದರೂ ಹೇಳಲು ಏನಾದರೂ ಇತ್ತೋ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದು ಆ ಹೊಸ ದೊರೆಯೊಬ್ಬನೇ.

ಬಟ್ಟಲುಗಳಲ್ಲಿ ಈಗ ಉಳಿದಿರುವುದು ಇದೊಂದೇ. ಇದು ಹೋಟೆಲಿನ ಪಾಠ. ಹೇಗೆ ಗೊತ್ತು ಎಂದರೆ ನಡುವಿನ ಕೆಂಪು ಚೀಟಿ ಎಂದೋ ನೆನೆದು ಹೋಗಿದ್ದರೂ, ದೊಡ್ಡಪ್ಪ ಗುರುತಿಗೆಂದು ಅಲ್ಲಿ ಮೊಳೆಯಿಂದ ಗೀರಿದ ವಿಭೂತಿಯ ಮೂರು ಗೆರೆ ಇನ್ನೂ ಇವೆ. ಗುಬ್ಬಿಗಳಿಗೆಂದು ಇದರಲ್ಲಿ ದಿನವೂ ನೀರು ಹಾಕುತ್ತೇನೆ. ಪ್ಲೇಟಿನ ಪಾಠ ಅಂಚಿನಿಂದ ಶುರುವಾಗಿ ನಡುವಿಗೆ ಬಂದು ಮುಗಿಯುತ್ತದೆ. ಆದ್ದರಿಂದ ನೀರಿನ ಆ ವಾಕ್ಯ ಇರುವುದು ಕಟ್ಟಕಡೆಯ ಗೀರುಗಳಲ್ಲಿ, ತೂತಿಗೆ ಎಲ್ಲಕ್ಕಿಂತ ಹತ್ತಿರ. ಎಷ್ಟು ಸಲ ಅರಗು ಹಚ್ಚಿದರೂ ಬಿಸಿಲಿಗೆ ಕರಗಿ ಹೋಗುತ್ತದೆ, ಗುಬ್ಬಿ ಬರುವಷ್ಟರಲ್ಲಿ ನೀರು ಅಲ್ಲಿಂದಲೇ ಸೋರಿ ಮುಗಿದಿರುತ್ತದೆ.